ಔಷಧಿ ಖೋಲಿಯ ವಹಿ

ಜತ್ತ ತಾಲೂಕಿನ ಮೂಡಣ ಹಳ್ಳಿಗಳಲ್ಲಿ ಮಾತು ಕನ್ನಡ, ಕಾಗದ ಮರಾಠಿ. ನೀರು ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಸಿಗುವುದು ಕಷ್ಟ. ಆದರೂ ಅಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಬೇಸಗೆಯಲ್ಲಿ ಟ್ಯಾಂಕರಿನ ನೀರು ಕೊಂಡು ಹೊಂಡ ತುಂಬಿಸಿ, ಅದನ್ನು ಕೊಳವೆಯಲ್ಲಿ ಹನಿ ಹನಿಯಾಗಿ ಬಳ್ಳಿಯ ಬುಡಕ್ಕೆ ಇಳಿಸುವ ಮಂದಿ ಅಲ್ಲಿದ್ದಾರೆ. ಹಣ್ಣು ಬೆಳೆಯುವ ವಿದ್ಯೆಗೆ ಆ ಸೀಮೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಸೊಲ್ಲಾಪುರದ ಬದಿಯ ನಾನ್ನಜದಲ್ಲಿ ನಾನಾಸಾಹೇಬ ಕಾಳೆಯವರು ಉದ್ದ ಕಾಯಿಯ ಸೊನಾಕಾ ತಳಿಯನ್ನು ತಮ್ಮ ತೋಟದಲ್ಲೇ ಗುರುತಿಸಿ ಬೆಳೆಸಿದರು. ಅದಕ್ಕೆ ಯಾವ ಹೊರಗಿನವನ ಸಲಹೆಯೂ ಬೇಕಾಗಲಿಲ್ಲ. ಕೊರತೆಯಿದ್ದದ್ದು ಮಾರುವ ವಿದ್ಯೆಗೆ.

ಇಂಥ ಒಂದು ಊರಿನ ಹದಿನಾಲ್ಕು ಬೆಳೆಗಾರರು 2008ರಲ್ಲಿ ಒಂದು ಕಂಪನಿ ಕಟ್ಟಿದರು. ಹತ್ತು ಮಂದಿ ಕೃಷಿಕರು ಕೂಡಿದರೆ ಉತ್ಪಾದಕರ ಕಂಪನಿ ಮಾಡಿಕೊಳ್ಳಲು ಕಂಪನಿ ಕಾಯಿದೆಯ 2002ರ ತಿದ್ದುಪಡಿ ಅವಕಾಶ ಕೊಟ್ಟಿತ್ತು. ಹೆಸರಿಗೆ ಕಂಪನಿ, ಕಚೇರಿಯೆಂದರೆ ಅಧ್ಯಕ್ಷರ ಮನೆಯ ಪಡಸಾಲೆ, ಕಾರಕೂನನೆಂದರೆ ಸಾಂಗ್ಲಿಯಲ್ಲಿ ಕಾಲೇಜು ಓದಿ ಬಂದ ಅವರ ಮೊಮ್ಮಗ. ಅಧ್ಯಕ್ಷರಿಗೆ ಎಪ್ಪತ್ತು ದಾಟಿತ್ತು. ಊರೆಲ್ಲ ಅವರನ್ನು ಮುತ್ಯಾ ಎಂದೇ ಕರೆಯುತ್ತಿತ್ತು. ವ್ಯಾಪಾರಿಯೊಬ್ಬ ತೋಟಕ್ಕೆ ಬಂದು, ಗೊಂಚಲನ್ನು ಅಂಗೈಯಲ್ಲಿ ತೂಗಿ, ದರ ಹೇಳಿ, ಅರ್ಧ ರೊಕ್ಕ ಕೊಟ್ಟು ಹಣ್ಣು ಒಯ್ದು, ಉಳಿದರ್ಧಕ್ಕೆ ಫೋನು ಎತ್ತದೆ ಹೋದದ್ದು ಆ ಹದಿನಾಲ್ಕು ಮಂದಿಯನ್ನು ಒಂದು ಕಡೆ ಕೂಡಿಸಿತ್ತು. ಇನ್ನು ಮುಂದೆ ತಮ್ಮ ಹಣ್ಣನ್ನು ತಾವೇ ಯುರೋಪಿಗೆ ಕಳಿಸುವುದು ಎಂದು ನಿಶ್ಚಯವಾಯಿತು. ಯುರೋಪು ಎಲ್ಲಿದೆಯೆಂದು ತಿಳಿದವನು ಅವರಲ್ಲಿ ಮೊಮ್ಮಗನೊಬ್ಬನೇ. ಆದ್ದರಿಂದ ದಾರಿ ತೋರಿಸುವವರೊಬ್ಬರನ್ನು ಪುಣೆಯಿಂದ ಕರೆಸಿದರು. ಕನ್ಸಲ್ಟಂಟ್ ಎಂಬ ಮಾತು ನಾಲಗೆಗೆ ಒಗ್ಗದೆ ಅವರು ಪುಣೆ ಸಾಹೇಬರಾದರು.

ದೊಡ್ಡ ಕಂಪನಿಗಳು ಪರದೇಶಕ್ಕೆ ಹೋಗುವಾಗಲೂ ಇಂಥವರನ್ನು ಇಟ್ಟುಕೊಳ್ಳುತ್ತವೆ. ಅಲ್ಲಿ ಸಲಹೆಯೆಂದರೆ ರಟ್ಟು ಹಾಕಿದ ವರದಿ. ಯಾವ ದೇಶ, ಎಷ್ಟು ಬೇಡಿಕೆ, ಯಾರು ಎದುರಾಳಿ, ಎಷ್ಟು ಸುಂಕ ಎಲ್ಲವೂ ಅದರಲ್ಲಿ ಇರುತ್ತದೆ. ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಗಿ 2006ರಲ್ಲಿ ಅಂಗಡಿಗಳನ್ನು ಮಾರಿ ಹೊರಬಿತ್ತು. ಅಂಥ ಕಂಪನಿಗೆ ದುಡ್ಡಿಗಾಗಲಿ, ದುಡ್ಡಿಗೆ ದೊರೆಯುವ ವರದಿಗಾಗಲಿ ಬರವಿರಲಾರದು. ಹೊರಗಿನ ಊರಿನ ಸುದ್ದಿ ಕೊಳ್ಳುವುದು ಸುಲಭ; ಅದನ್ನು ಕೇಳಿ ತನ್ನ ಮನೆಯೊಳಗಿನ ರೂಢಿಯನ್ನು ಬದಲಿಸಿಕೊಳ್ಳುವುದೇ ಕಷ್ಟ. ಪುಣೆ ಸಾಹೇಬರು ಈ ಕಷ್ಟವನ್ನು ಬಲ್ಲವರಾಗಿದ್ದಿರಬೇಕು. ಮೊದಲ ದಿನ ಪಡಸಾಲೆಯಲ್ಲಿ ಚಹಾ ಕುಡಿದು ಎದ್ದವರು ಯುರೋಪಿನ ಮಾತನ್ನೇ ಎತ್ತಲಿಲ್ಲ. ಔಷಧಿ ಇಡುವ ಖೋಲಿ ಎಲ್ಲಿದೆ ಎಂದು ಕೇಳಿದರು. ಅದನ್ನು ನೋಡಿ, ಕೂಲಿಯವರು ಕೈ ತೊಳೆಯುವುದು ಎಲ್ಲಿ ಎಂದರು. ಬಳಿಕ ಪಾಯಖಾನೆ ಎಲ್ಲಿದೆ ಎಂದರು.

ಮುತ್ಯಾನಿಗೆ ಸಿಟ್ಟು ಬಂತು. ಇಬ್ಬರ ನಡುವೆ ಮಾತು ನಡೆಯುತ್ತಿದ್ದದ್ದು ಮರಾಠಿಯಲ್ಲಿ. ಸಿಟ್ಟು ಬಂದಾಗ ಮುತ್ಯಾ ಕನ್ನಡಕ್ಕೆ ಹೊರಳುತ್ತಿದ್ದರು. “ಸಾಹೇಬ್ರ, ನಾವು ಮಾರಾಕ ಹೊಂಟಿದ್ದು ಹಣ್ಣ ಅದಾವ. ಪಾಯಖಾನಿ ತಗೊಂಡು ಅವರೇನ್ ಮಾಡತಾರ?”

ಮೊಮ್ಮಗ ಅದನ್ನು ಮರಾಠಿಗೆ ತಿರುಗಿಸಿದ. ಸಾಹೇಬರು ನಕ್ಕು, “ಕಾಕಾ, ಅವರು ಕೊಳ್ಳುವುದು ಬರೀ ಹಣ್ಣನ್ನಲ್ಲ, ಅದರ ಹಿಂದಿನ ಕೈಯನ್ನೂ ಕೊಳ್ಳುತ್ತಾರೆ” ಎಂದರು.

ಆ ಮಾತಿನ ಅರ್ಥ ಬಿಡಿಸಿ ಹೇಳಲು ಅವರಿಗೆ ಮೂರು ತಿಂಗಳು ಹಿಡಿಯಿತು. ಯುರೋಪಿನ ದೊಡ್ಡ ಅಂಗಡಿಗಳವರು ಕೂಡಿ 1997ರಲ್ಲಿ ಯುರೆಪ್‌ಗ್ಯಾಪ್ ಎಂಬ ನಿಯಮಾವಳಿಯೊಂದನ್ನು ಕಟ್ಟಿದ್ದರು. 2007ರಲ್ಲಿ ಅದಕ್ಕೆ ಗ್ಲೋಬಲ್‌ಗ್ಯಾಪ್ ಎಂದು ಹೆಸರಾಯಿತು. ಇದು ಸರಕಾರದ ಕಾನೂನಲ್ಲ, ಕೊಳ್ಳುವವರ ಷರತ್ತು. ಔಷಧಿಯ ಖೋಲಿಗೆ ಬೀಗ ಇರಬೇಕು. ಹುಡಿ ಔಷಧಿ ಮೇಲೆ, ದ್ರವ ಔಷಧಿ ಕೆಳಗೆ ಇರಬೇಕು. ಹೊಡೆಯುವವನಿಗೆ ಮುಖಕ್ಕೆ ಮುಸುಕು, ಕೈಗೆ ಚೀಲ ಇರಬೇಕು. ಖಾಲಿ ಡಬ್ಬಿಯನ್ನು ನೀರು ಕುಡಿಯಲು ಬಳಸಬಾರದು. ಸರಕಾರದ ಕಡೆಯಿಂದಲೂ ಬೇರೆ ಕಟ್ಟುಪಾಡು ಇತ್ತು. ಅಪೆಡಾ 2006ರಲ್ಲಿ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ತಂದಿತ್ತು. ಯುರೋಪಿಗೆ ಹೋಗುವ ಪ್ರತಿ ತೋಟಕ್ಕೂ ನೋಂದಣಿಯ ಸಂಖ್ಯೆ, ಕೊಯ್ಲಿಗೆ ಮುಂಚೆ ಹಣ್ಣಿನ ಮಾದರಿಯ ಪರೀಕ್ಷೆ, ಪೆಟ್ಟಿಗೆಯ ಗುರುತು ಹಿಡಿದು ಹಿಂದಕ್ಕೆ ಬಂದರೆ ಜತ್ತದ ಇಂಥ ಸರ್ವೆ ನಂಬರಿನ ಬಳ್ಳಿಗೆ ತಲುಪುವ ಏರ್ಪಾಡು.

ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಅಪಾಯದ ಫಲಕಗಳು ಕೂಲಿಕಾರರಿಗೆ ತಿಳಿಯುವ ಭಾಷೆಯಲ್ಲಿ ಇಲ್ಲವೆ ಚಿತ್ರದಲ್ಲಿ ಇರಬೇಕೆಂಬುದು ಆ ನಿಯಮಾವಳಿಯ ಒಂದು ಕಲಮು. ಮೊಮ್ಮಗ ಮೊದಲು ಫಲಕವನ್ನು ಮರಾಠಿಯಲ್ಲಿ ಬರೆಸಿದ್ದ. ಕಚೇರಿಗೆ ಸಂಬಂಧಿಸಿದ್ದೆಲ್ಲ ಮರಾಠಿಯಲ್ಲೇ ಇರಬೇಕೆಂಬುದು ಅವನಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಸಾಹೇಬರು ಔಷಧಿ ಹೊಡೆಯುವ ಆಳನ್ನು ಕರೆದು ಓದಿಸಿದರು. ಅವನು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿತವನು. ಓದಲಾರದೆ ತಲೆ ಕೆರೆದುಕೊಂಡ. ಫಲಕವನ್ನು ಅಳಿಸಿ ಕನ್ನಡದಲ್ಲಿ ಬರೆಸಿದರು. ಎಷ್ಟೋ ಅರ್ಜಿ, ಮನವಿಗಳಿಂದ ಆ ಊರಿನ ಗೋಡೆಗೆ ಬಾರದ ಕನ್ನಡದ ಫಲಕವೊಂದು ಜರ್ಮನಿಯ ಕಲೋನಿನಲ್ಲಿ ಕಚೇರಿ ಇಟ್ಟ ಸಂಸ್ಥೆಯ ದೆಸೆಯಿಂದ ಔಷಧಿ ಖೋಲಿಯ ಬಾಗಿಲಿಗೆ ಬಂದು ಕೂತಿತು.

ಎಲ್ಲಕ್ಕಿಂತ ದೊಡ್ಡ ಕೆಲಸ ವಹಿಯದು. ಪ್ರತಿ ತೋಟಕ್ಕೂ ಒಂದು ವಹಿ. ತಾರೀಖು, ಔಷಧಿಯ ಹೆಸರು, ಪ್ರಮಾಣ, ಏತಕ್ಕೆ ಹೊಡೆದದ್ದು, ಕೊಯ್ಲಿಗೆ ಎಷ್ಟು ದಿನ ಬಿಡಬೇಕು, ಹೊಡೆದವರು ಯಾರು, ಹೊಡೆಯಲು ಒಪ್ಪಿಗೆ ಕೊಟ್ಟವರು ಯಾರು, ಇಷ್ಟು ಕಾಲಮುಗಳು. ಕೊನೆಯ ಕಾಲಮಿನಲ್ಲಿ ಬೆಳೆಗಾರರು ತಂತಮ್ಮ ಹೆಸರನ್ನೇ ಬರೆದುಕೊಳ್ಳುತ್ತಿದ್ದರು. ಅದೊಂದು ರೂಢಿಯಾಯಿತು, ಯಾರೂ ಅದರ ಮೇಲೆ ಕಣ್ಣು ಹಾಯಿಸಲಿಲ್ಲ. ವಹಿ ಕನ್ನಡದಲ್ಲಿಯೇ ಇರಲಿ ಎಂದರು ಸಾಹೇಬರು. ಅವರಿಗೆ ಕನ್ನಡ ಓದಲು ಬಾರದು. ತಿಂಗಳಿಗೊಮ್ಮೆ ಬಂದಾಗ ಮೊಮ್ಮಗ ಪುಟ ಪುಟವನ್ನೂ ಓದಿ ಹೇಳುತ್ತಿದ್ದ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಮೊದಲ ಹಂಗಾಮಿನಲ್ಲಿ ಯುರೋಪು ಬೇಡ, ದುಬೈಗೆ ಒಂದು ಕಂಟೇನರು ಕಳಿಸಿ ಕೈ ಪಳಗಿಸಿಕೊಳ್ಳಿ ಎಂದು ಅವರು ಹೇಳಿದಾಗ ಗುಜುಗುಜು ಎದ್ದಿತು. ಸಂಬಳ ತೆಗೆದುಕೊಳ್ಳುವವನಿಗೆ ಅವಸರವಿಲ್ಲ ಎಂದು ಕೆಲವರು ಆಡಿಕೊಂಡರು. ಈ ಆಡಿಕೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಸಲಹೆಗಾರರ ದುಡಿಮೆಯಲ್ಲಿ ಮೂರು ಬಗೆ. ತಿಂಗಳಿಗಿಷ್ಟು ಎಂದು ಪಡೆಯುವವನು ಕೆಲಸವನ್ನು ಎಳೆದಷ್ಟೂ ಅವನಿಗೆ ಲಾಭ. ಕಂಟೇನರಿಗಿಷ್ಟು ಎಂದು ಪಡೆಯುವವನು ಹಣ್ಣು ಹೇಗಿದ್ದರೂ ಹಡಗು ಹತ್ತಿಸಿಬಿಡುತ್ತಾನೆ. ಮೂರನೆಯವನು ಮಾರುವವನಿಂದಲೂ ಕೊಳ್ಳುವವನಿಂದಲೂ ಗುಟ್ಟಾಗಿ ಪಡೆಯುತ್ತಾನೆ. ಅವನ ಸಲಹೆ ತೀರ ಸಿಹಿಯಾಗಿರುತ್ತದೆ. ಪುಣೆ ಸಾಹೇಬರು ತಾವು ಮೊದಲ ಬಗೆಯವರೆಂದೂ, ಹಣ್ಣು ಮಾರಿ ರೊಕ್ಕ ಬಂದ ಮೇಲೆ ವರ್ಷದ ಸಂಬಳದ ಅರ್ಧವನ್ನು ಒಟ್ಟಾಗಿ ಪಡೆಯುವೆನೆಂದೂ ಕಾಗದದಲ್ಲಿ ಬರೆದುಕೊಟ್ಟಿದ್ದರು. ಮೂರು ಬಗೆಗೂ ಒಂದು ಮಾತು ಸಮಾನ: ಹಣ್ಣು ಕೆಟ್ಟರೆ ಸಲಹೆಗಾರನ ಹೊಲ ಒತ್ತೆ ಬೀಳುವುದಿಲ್ಲ.

ದುಬೈಗೆ ಹೋದ ಹಣ್ಣು ದೊಡ್ಡ ಲಾಭ ತರಲಿಲ್ಲ, ನಷ್ಟವನ್ನೂ ತರಲಿಲ್ಲ. 2009ರ ಏಪ್ರಿಲ್ ಚಾಟ್ನಿಯ ಹೊತ್ತಿಗೆ ಎಲ್ಲರೂ ಯುರೋಪಿಗೆ ಸಿದ್ಧರಾಗಿದ್ದರು. ಚಾಟ್ನಿ ಮುಗಿದ ಮೇಲೆ ಚಿಗುರು ಮಿತಿಮೀರಿ ಓಡದಂತೆ ತಡೆದು ಕಡ್ಡಿಯಲ್ಲಿ ಫಲದ ಮೊಗ್ಗು ಕಟ್ಟಿಸಲು ಸಿ.ಸಿ.ಸಿ. ಎಂಬ ಔಷಧಿಯನ್ನು ಆ ಸೀಮೆಯಲ್ಲಿ ಹಿಂದಿನಿಂದಲೂ ಹೊಡೆಯುತ್ತಿದ್ದರು. ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬುದು ಅದರ ಇನ್ನೊಂದು ಹೆಸರು. ಮೇ ತಿಂಗಳಲ್ಲಿ ಮುತ್ಯಾ ತಮ್ಮ ವಹಿಯಲ್ಲಿ ದುಂಡಗಿನ ಅಕ್ಷರದಲ್ಲಿ ಅದನ್ನು ಎರಡು ಸಲ ಬರೆದರು. ಮೊಮ್ಮಗ ಓದಿದ, ಸಾಹೇಬರು ಕೇಳಿದರು. ಹಣ್ಣಿನ ಪರೀಕ್ಷೆಗೆ ಇಲ್ಲಿ ಗೊತ್ತು ಮಾಡಿದ್ದ ರಾಸಾಯನಿಕಗಳ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಪುಟ ಮಗುಚಿತು.

ಅಕ್ಟೋಬರ್ ಚಾಟ್ನಿಯಾಗಿ ಹೂ ಕಾಯಿಕಟ್ಟುವ ಹೊತ್ತಿಗೆ ಅಕಾಲದ ಮಳೆ ಹಿಡಿಯಿತು. ಎಲೆಯ ಅಡಿಯಲ್ಲಿ ಬೂಜು ಕಂಡು ಎಲ್ಲರೂ ಪಂಪು ಹೆಗಲಿಗೇರಿಸಿದರು. ಆ ಗದ್ದಲದಲ್ಲಿ ತರುಣನೊಬ್ಬ ವಹಿ ಬರೆಯುವುದನ್ನು ಬಿಟ್ಟುಬಿಟ್ಟ. ಸಾಹೇಬರು ಬರುವ ಹಿಂದಿನ ರಾತ್ರಿ ಒಂದೇ ಕೂತಿನಲ್ಲಿ ಆರು ವಾರದ ಲೆಕ್ಕ ಬರೆದು ಮುಗಿಸಿದ. ಅಕ್ಷರ ಬಾರದವರಿಗೂ ಶಾಯಿ ಓದಲು ಬರುತ್ತದೆ. ಮೊದಲ ಸಾಲಿನಿಂದ ಕಡೆಯ ಸಾಲಿನ ತನಕ ಒಂದೇ ಪೆನ್ನು, ಒಂದೇ ಒತ್ತು. ಮಳೆಯಲ್ಲಿ ಬರೆದ ವಹಿಗೆ ಕೆಸರಿನ ಬೆರಳಿನ ಒಂದು ಗುರುತೂ ಇಲ್ಲ. ಆ ತೋಟದ ಹಣ್ಣನ್ನು ಸೇರಿಸಲು ಸಾಹೇಬರು ಒಪ್ಪಲಿಲ್ಲ.

“ಹಣ್ಣ ನೋಡ್ರಿ ಸಾಹೇಬ್ರ, ಶಾಯಿ ಏನ್ ನೋಡತೀರಿ” ಎಂದು ತರುಣ ಕೈಮುಗಿದ. ಮುತ್ಯಾ ಕೂಡ ಅವನ ಪರವಾಗಿ ಆಡಿದರು. ಅವನು ಅವರ ತಂಗಿಯ ಮೊಮ್ಮಗ. ಸಾಹೇಬರು, ಹಾಗಾದರೆ ಬೇರೆ ಸಲಹೆಗಾರರನ್ನು ನೋಡಿಕೊಳ್ಳಿ ಎಂದು ಚೀಲ ಎತ್ತಿಕೊಂಡರು. ಬಸ್ಸು ಬರುವ ತನಕ ಯಾರೂ ಮಾತಾಡಲಿಲ್ಲ. ಬಸ್ಸು ಬಂದಾಗ ಮುತ್ಯಾ ಹೋಗಿ ಅವರ ಚೀಲವನ್ನು ಕೆಳಗಿಳಿಸಿಕೊಂಡು ಬಂದರು. ತರುಣನ ಹಣ್ಣು ಹೊರಗುಳಿಯಿತು.

2010ರ ಜನವರಿಯಲ್ಲಿ ಮಾದರಿಗಳು ಪರೀಕ್ಷೆಗೆ ಹೋದವು. ಹದಿಮೂರು ತೋಟಗಳೂ ತೇರ್ಗಡೆಯಾದವು. ಫೆಬ್ರವರಿಯಲ್ಲಿ ಕೊಯ್ಲು. ಬೆಳಗಿನ ತಂಪಿನಲ್ಲಿ ಕೊಯ್ದು, ಸಣ್ಣ ಕಾಯಿಗಳನ್ನು ಕತ್ತರಿಯಿಂದ ತೆಗೆದು, ಅರ್ಧ ಕಿಲೋದ ಡಬ್ಬಿಗಳಿಗೆ ತುಂಬಿ, ಪೆಟ್ಟಿಗೆಯಲ್ಲಿ ಗಂಧಕದ ಹಾಳೆ ಹೊದಿಸಿ, ಕೆಲವೇ ತಾಸುಗಳೊಳಗೆ ಶೂನ್ಯ ಡಿಗ್ರಿಯ ಹತ್ತಿರಕ್ಕೆ ತಣಿಸಿ ಕಂಟೇನರಿಗೆ ಏರಿಸಿದರು. ದಕ್ಷಿಣ ಗೋಲಾರ್ಧದ ಹಣ್ಣು ತೀರುತ್ತ ಬಂದು ಮೆಡಿಟರೇನಿಯನ್ ಸೀಮೆಯ ಹಣ್ಣು ಇನ್ನೂ ಬಾರದ ಕೆಲವು ವಾರಗಳಿವೆ. ಭಾರತದ ದ್ರಾಕ್ಷಿಗೆ ಯುರೋಪಿನ ಬಾಗಿಲು ತೆರೆಯುವುದು ಆಗ. ಹಡಗಿನ ದಾರಿ ಮೂರು ವಾರದಷ್ಟು. ಎರಡು ಕಂಟೇನರುಗಳು ರಾಟರ್‌ಡ್ಯಾಮಿನ ಕಡೆ ಹೊರಟವು. ಒಪ್ಪಂದವನ್ನು ಓದಿ ತಿದ್ದಿಸಿದ್ದು ಸಾಹೇಬರೇ. ಹಣ್ಣು ಕೊಳೆತರೆ ತಪಾಸಣೆಗೆ ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರು ಬರಬೇಕೆಂಬ ಕಲಮನ್ನು ಜಗಳಾಡಿ ಹಾಕಿಸಿದ್ದರು. ಆದರೆ ಹಣ್ಣು ಅಂಗಡಿಯಲ್ಲಿ ಮಾರಿ ಹೋದ ಮೇಲೆಯೇ ಪೂರ್ತಿ ಲೆಕ್ಕ, ಅಲ್ಲಿಯ ತನಕ ಹೊಣೆ ಕಳಿಸಿದವರದೇ ಎಂಬ ಮೂಲ ಷರತ್ತನ್ನು ಕದಲಿಸಲು ಅವರಿಂದಾಗಲಿಲ್ಲ. ಸಣ್ಣವರು ದೊಡ್ಡವರಿಗೆ ಮಾರುವ ವ್ಯವಹಾರದಲ್ಲಿ ಅದು ಸುಲಭವಾಗಿ ಕದಲುವುದೂ ಇಲ್ಲ.

ಹಡಗು ತಲುಪಿದ ಮೇಲೆ ಬಂದ ಇ-ಮೇಲನ್ನು ಮೊಮ್ಮಗ ಮೂರು ಸಲ ಓದಿಕೊಂಡು ಆಮೇಲೆ ಅಜ್ಜನಿಗೆ ಹೇಳಿದ. ಅಲ್ಲಿನ ಪ್ರಯೋಗಾಲಯದಲ್ಲಿ ಕ್ಲೋರ್ಮೆಕ್ವಾಟ್ ಸಿಕ್ಕಿತ್ತು. ದ್ರಾಕ್ಷಿಗೆ ಯುರೋಪಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ, ಹಣ್ಣಿನಲ್ಲಿ ಅದಕ್ಕಿಂತ ಹೆಚ್ಚಿತ್ತು. ಮೇ ತಿಂಗಳಲ್ಲಿ ಎಲೆಗೆ ಹೊಡೆದದ್ದು ಬಳ್ಳಿಯ ಮೈಯಲ್ಲಿ ಅಡಗಿ ಕೂತು, ಒಂಬತ್ತು ತಿಂಗಳ ಮೇಲೆ ಕಾಯಿಗೆ ಇಳಿದಿತ್ತು. ಇದು ಜತ್ತದ ಒಂದು ಊರಿನ ಕಥೆಯಾಗಿರಲಿಲ್ಲ. ಆ ವರ್ಷ ಮಹಾರಾಷ್ಟ್ರದಿಂದ ಹೋದ ಎಷ್ಟೋ ಕಂಟೇನರುಗಳು ಇದೇ ಕಾರಣಕ್ಕೆ ಯುರೋಪಿನ ಬಂದರುಗಳಲ್ಲಿ ನಿಂತವು. ಆದರೆ ಊರಿಗೂರೇ ಮುಳುಗಿದರೂ ತನ್ನ ಮನೆಯ ನೀರನ್ನು ತಾನೇ ಮೊಗೆಯಬೇಕಲ್ಲವೆ? ಕೊಂಡವರು ಕಳಿಸಿದ ಲೆಕ್ಕದ ಹಾಳೆಯಲ್ಲಿ ಹಣ್ಣಿನ ಬೆಲೆ ಸೊನ್ನೆ. ಶೀತಲಗೃಹದ ಬಾಡಿಗೆ, ಪರೀಕ್ಷೆಯ ಖರ್ಚು, ಹಣ್ಣು ನಾಶಮಾಡಿದ ಖರ್ಚು ಎಂದು ಹದಿಮೂರು ಮಂದಿಯೇ ತಿರುಗಿ ಕೊಡಬೇಕಾದ ಬಾಕಿ.

ಹೊರಗುಳಿದ ತರುಣ ಅಷ್ಟರಲ್ಲಿ ಅರ್ಧ ಹಣ್ಣನ್ನು ಬೆಂಗಳೂರಿನ ವ್ಯಾಪಾರಿಗೆ ಕೊಟ್ಟು, ಉಳಿದರ್ಧವನ್ನು ಎಣ್ಣೆಯಲ್ಲಿ ಅದ್ದಿ ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡಿ ತಾಸಗಾಂವಿಗೆ ಒಯ್ದಿದ್ದ. ಆ ವರ್ಷ ಊರಿನಲ್ಲಿ ರೊಕ್ಕ ಕಂಡವನು ಅವನೊಬ್ಬನೇ. ಚಹಾದ ಅಂಗಡಿಯಲ್ಲಿ ಅವನೇನೂ ಜಂಬ ಕೊಚ್ಚಲಿಲ್ಲ. ಜಂಬ ಕೊಚ್ಚಿದ್ದರೆ ಉಳಿದವರಿಗೆ ತುಸು ಹಗುರಾಗುತ್ತಿತ್ತೇನೋ.

ಸಾಹೇಬರು ಇನ್ನು ಬರಲಾರರು ಎಂದು ಎಲ್ಲರೂ ತಿಳಿದಿದ್ದರು. ಪುಣೆಯಲ್ಲಿ ಕೂತು, ಪಟ್ಟಿಯಲ್ಲಿ ಇರಲಿಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾಗಿತ್ತು ಎಂದು ಒಂದು ಕಾಗದ ಬರೆದಿದ್ದರೆ ಅದರಲ್ಲಿ ಸುಳ್ಳು ಒಂದಕ್ಷರವೂ ಇರುತ್ತಿರಲಿಲ್ಲ. ಅವರು ಬೆಳಗಿನ ಬಸ್ಸಿಗೆ ಬಂದಿಳಿದರು. ಪಡಸಾಲೆಯಲ್ಲಿ ಹದಿಮೂರು ಮಂದಿ ಕೂತಿದ್ದರು. ಒಳಬಾಗಿಲಿನ ಮರೆಯಲ್ಲಿ ಹೆಂಗಸರಿದ್ದರು. ಇಬ್ಬರ ಮನೆಯ ಬಂಗಾರ ಆಗಲೇ ಪತಸಂಸ್ಥೆಯ ತಿಜೋರಿಗೆ ಹೋಗಿತ್ತು. ಯಾರೂ ಬೈಯಲಿಲ್ಲ. ಸಾಹೇಬರು ಮುತ್ಯಾನ ವಹಿಯನ್ನು ತರಿಸಿ, ಮೇ ತಿಂಗಳ ಪುಟವನ್ನು ಓದಲು ಮೊಮ್ಮಗನಿಗೆ ಹೇಳಿದರು. ಅವನು ಓದಿದ. ತಾರೀಖು, ಸಿ.ಸಿ.ಸಿ., ಪ್ರಮಾಣ, ಹೊಡೆದವನ ಹೆಸರು. ಮತ್ತೊಂದು ತಾರೀಖು, ಮತ್ತೆ ಸಿ.ಸಿ.ಸಿ.

“ಇದನ್ನು ಇವನು ಹೋದ ಜೂನಿನಲ್ಲಿಯೂ ಓದಿ ಹೇಳಿದ್ದ” ಎಂದರು ಸಾಹೇಬರು. “ನಾನು ನಮ್ಮವರ ಪಟ್ಟಿ ಹಿಡಿದುಕೊಂಡು ಕೇಳಿದೆ. ಕೊಳ್ಳುವವರ ಪಟ್ಟಿ ಹಿಡಿದುಕೊಂಡು ಕೇಳಬೇಕಾಗಿತ್ತು. ನೀವು ಸರಿಯಾಗಿ ಬರೆದಿದ್ದಿರಿ ಕಾಕಾ.”

ವರ್ಷದ ಸಂಬಳದ ಉಳಿದರ್ಧ ತಮಗೆ ಬೇಡವೆಂದು ಅವರು ಅಂದಾಗ ಬಾಗಿಲ ಮರೆಯಿಂದ ಯಾರೋ, “ಅರ್ಧ ಯಾಕ, ಪೂರಾ ಬಿಡಲಿ” ಎಂದರು. ಅದೂ ನ್ಯಾಯದ ಮಾತೇ ಆಗಿತ್ತು. ಮುತ್ಯಾ ಬಹಳ ಹೊತ್ತು ಸುಮ್ಮನಿದ್ದು, ಈ ಸಲ ಸಿಟ್ಟಿಲ್ಲದೆಯೇ ಕನ್ನಡಕ್ಕೆ ಹೊರಳಿದರು. “ಬೀಜ ಹುಟ್ಟಲಿಲ್ಲಂತ ಕೂರಿಗಿ ಎಳದ ಎತ್ತಿಗೆ ಮೇವು ಹಾಕೂದು ಬಿಡ್ತೀವೇನು?” ಮೊಮ್ಮಗ ಅದನ್ನು ಮರಾಠಿಗೆ ತಿರುಗಿಸಲು ಹಿಂದೆಮುಂದೆ ನೋಡಿದ. ಸಾಹೇಬರು ತಮಗೆ ಅರ್ಥವಾಯಿತೆಂದು ಕೈಸನ್ನೆ ಮಾಡಿದರು. ಉಳಿದರ್ಧವನ್ನು ಅವರು ಕೊನೆಗೂ ತೆಗೆದುಕೊಳ್ಳಲಿಲ್ಲ.

ನಾಲ್ವರು ಕಂಪನಿಯನ್ನು ಬಿಟ್ಟರು. ಹತ್ತು ಮಂದಿ ಉಳಿದರು, ಕಾಯಿದೆ ಕೇಳುವ ಲೆಕ್ಕಕ್ಕೆ ಸರಿಯಾಗಿ. ಬಿಟ್ಟವರನ್ನು ತಪ್ಪೆನ್ನಲಾಗದು, ಮಗಳ ಲಗ್ನ ಮುಂದಿದ್ದವನಿಗೆ ಎರಡನೆಯ ಸಲ ಹಡಗು ನಂಬಿ ಕೂರಲು ಆಗುವುದಿಲ್ಲ. ಮುಂದಿನ ಹಂಗಾಮಿನಿಂದ ಕ್ಲೋರ್ಮೆಕ್ವಾಟ್ ಇಲ್ಲಿಯ ಪರೀಕ್ಷೆಯ ಪಟ್ಟಿಗೂ ಸೇರಿತು. ಸಾಹೇಬರು ಕೆಲಸ ಮಾಡುವ ಕ್ರಮವೂ ಬದಲಾಯಿತು. ಔಷಧಿ ಖೋಲಿಯಲ್ಲಿದ್ದ ಪ್ರತಿ ಡಬ್ಬಿಯ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಯುರೋಪಿನ ಮಿತಿಯ ಪಟ್ಟಿಯ ಎದುರು ಒಂದೊಂದಾಗಿ ಇಟ್ಟು ನೋಡಿದರು. ಅದಕ್ಕೆ ಎರಡು ದಿನ ಹಿಡಿಯಿತು. ಹಿಂದಿನ ವರ್ಷ ಆ ಎರಡು ದಿನಗಳನ್ನು ಅವರು ಕೊಟ್ಟಿರಲಿಲ್ಲ.

ಅದೇ ಏಪ್ರಿಲಿನಲ್ಲಿ ಮತ್ತೆ ಚಾಟ್ನಿ ಬಂತು. ಚಿಗುರು ಓಡತೊಡಗಿತು. ಸಿ.ಸಿ.ಸಿ. ಇಲ್ಲದೆ ಚಿಗುರನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ನೀರು ಕಡಿಮೆ ಮಾಡಿ, ತುದಿ ಚಿವುಟಿ, ಕೈಯಿಂದಲೇ ಹಿಡಿಯಬೇಕು ಎಂದು ಉತ್ತರ ಬಂತು; ಕೂಲಿ ಹೆಚ್ಚು, ಫಲ ಬರುವ ಭರವಸೆ ಕಡಿಮೆ. ಖೋಲಿಯ ಮೂಲೆಯಲ್ಲಿ ಅರ್ಧ ತುಂಬಿದ ಸಿ.ಸಿ.ಸಿ. ಡಬ್ಬಿಯೊಂದಿತ್ತು. ಅದನ್ನು ಹಳ್ಳಕ್ಕೆ ಚೆಲ್ಲಬೇಡಿ, ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ ಎಂದು ಸಾಹೇಬರು ಹೇಳಿದರು. ಮುತ್ಯಾ ಹೊಸ ವಹಿಯನ್ನು ತೊಡೆಯ ಮೇಲೆ ಬಿಚ್ಚಿಕೊಂಡು ತಾರೀಖು ಬರೆದರು, ತೋಟದ ಸಂಖ್ಯೆ ಬರೆದರು, ಸಿ.ಸಿ.ಸಿ. ಹೊಡೆಯಲಿಲ್ಲ ಎಂದು ಬರೆದರು. ಕೊನೆಯ ಕಾಲಮಿಗೆ ಬಂದಾಗ, ಒಪ್ಪಿಗೆ ಕೊಟ್ಟವರ ಹೆಸರಿನ ಜಾಗದಲ್ಲಿ, ಪೆನ್ನನ್ನು ತಡೆದರು. ಎರಡು ವರ್ಷ ಅಲ್ಲಿ ಅವರದೇ ಹೆಸರು ಬಿದ್ದಿತ್ತು.

“ಮಾತು ನಿಮ್ಮದು ಐತಿ. ಇಲ್ಲಿ ನೀವ ಸಹಿ ಹಾಕ್ರಿ” ಎಂದು ವಹಿಯನ್ನು ಅವರ ಕಡೆ ತಿರುಗಿಸಿದರು.

ಸಾಹೇಬರು ಆ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು. ಪೆನ್ನು ತೆಗೆದುಕೊಂಡು, ಆ ಸಾಲಿಗೆ ಸಹಿ ಹಾಕಿ, ಕೆಳಗಿನ ಸಾಲಿನಲ್ಲಿ ನಾಳೆ ಏನು ಹೊಡೆಯುವವರಿದ್ದೀರಿ ಎಂದು ಕೇಳಿದರು.